ಎರವಲು ಎದೆ

ಕಾವ್ಯಳಿಗೆ ಮುಖಗಳು ನೆನಪಿರುತ್ತಿರಲಿಲ್ಲ. ದಿನಕ್ಕೆ ಅರವತ್ತು ಎಪ್ಪತ್ತು ಜನರ ಎದೆಯ ಎಕ್ಸ್‌ರೇ ತೆಗೆಯುವವಳಿಗೆ ಯಾರ ಮೂಗು ಹೇಗಿತ್ತು ಎಂದು ಹೇಗೆ ತಾನೇ ನೆನಪಿರಬೇಕು? ಅದರಲ್ಲೂ ಗಣಿಯಿಂದ ಜೀಪು ತುಂಬಿಕೊಂಡು ಬರುವ ಗಂಡಸರೆಲ್ಲ ಒಂದೇ ಬಣ್ಣದವರು. ಹುಬ್ಬು, ಕಿವಿ, ಅಂಗಿಯ ಕಾಲರು, ಎಲ್ಲವೂ ಅದಿರಿನ ಧೂಳಿಗೆ ಕೆಂಪು. ಆದರೆ ಎಲುಬು ಅವಳಿಗೆ ಮರೆಯುತ್ತಿರಲಿಲ್ಲ. ಹೊಸಪೇಟೆಯ ಆ ಸ್ಕ್ಯಾನ್ ಸೆಂಟರಿನಲ್ಲಿ ಐದು ವರ್ಷ ದುಡಿದು ತಾನು ಸಂಪಾದಿಸಿದ ವಿದ್ಯೆ ಅದೊಂದೇ ಎಂದು ಅವಳೇ ನಗುತ್ತಿದ್ದಳು.

ಅದು 2007ರ ಬೇಸಿಗೆ. ಗಣಿ ಗುತ್ತಿಗೆದಾರರು ಕೆಲಸಗಾರರಿಗೆಲ್ಲ ವರ್ಷದ ಫಿಟ್ನೆಸ್ ಸರ್ಟಿಫಿಕೇಟು ಮಾಡಿಸುವ ಹಂಗಾಮು. ಎದೆ ಚೆನ್ನಾಗಿದ್ದವನಿಗೆ ಕೆಲಸ, ಇಲ್ಲದವನಿಗೆ ಮನೆ. ಸೋಮವಾರ ಒಂದು ಫಿಲ್ಮು ತೊಳೆದು ಬೆಳಕಿಗೆ ಹಿಡಿದಾಗ, ಎಡಗಡೆಯ ಕೊರಳೆಲುಬು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದನ್ನು ಅವಳು ನೋಡಿದಳು. ಬುಧವಾರ ಅದೇ ಸೊಟ್ಟ ಎಲುಬು ಇನ್ನೊಂದು ಹೆಸರಿನಲ್ಲಿ ಬಂತು. ಶುಕ್ರವಾರ ಮೂರನೆಯ ಹೆಸರು. ಫಿಲ್ಮು ಒಣಗುವ ಮೊದಲೇ ಅವಳು ಹೊರಗೆ ಬಂದಳು.

"ಕೆಂಚಣ್ಣ ಅನ್ನೋರು ಯಾರ್ರಿ?"

ಬೆಂಚಿನ ಮೇಲಿಂದ ಎತ್ತರದ, ತೆಳ್ಳಗಿನ ಒಬ್ಬ ಎದ್ದು ನಿಂತ. ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ನಾನ್ರಿ."

"ಬುಧವಾರ ವಿರುಪಾಕ್ಷಪ್ಪ ಆಗಿದ್ರಿ. ಸೋಮವಾರ ಹಾಲಸ್ವಾಮಿ. ನಾಳೆ ಯಾರಾಗ್ತೀರಿ?"

ಬೆಂಚಿನವರೆಲ್ಲ ಒಮ್ಮೆಲೇ ಮೇಲಿನ ಫ್ಯಾನು ನೋಡತೊಡಗಿದರು. ಅವನು ಮಾತ್ರ ಅವಳನ್ನೇ ನೋಡಿದ. ಸಿಕ್ಕಿಬಿದ್ದವನ ಕಣ್ಣಲ್ಲಿ ಹೆದರಿಕೆ ಇರಬೇಕು; ಇವನ ಕಣ್ಣಲ್ಲಿ ನಗು ಇತ್ತು. ಕೆಂಪು ರೆಪ್ಪೆಗಳ ನಡುವೆ ಆ ನಗು ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಅವತ್ತು ಮೊದಲ ಬಾರಿಗೆ ಕಾವ್ಯಳಿಗೆ ಒಂದು ಮುಖ ನೆನಪಿನಲ್ಲಿ ಉಳಿಯಿತು.

"ಹೊರಗ ಬರ್ತೀರೇನ್ರಿ, ಹೇಳ್ತೀನಿ," ಎಂದ.

ಹೊರಗೆ ಬೇವಿನ ಮರದ ಕೆಳಗೆ ಎಲ್ಲವನ್ನೂ ಹೇಳಿದ. ಅವನ ಹೆಸರು ಹಾಲೇಶ್. ಊರು ಸಂಡೂರು ತಾಲೂಕಿನ ಬಂಡ್ರಿ. ಅದಿರಿನ ಯಾರ್ಡಿನಲ್ಲಿ ಸ್ಯಾಂಪಲ್ ತೆಗೆಯುವ ಕೆಲಸ. ಜೊತೆಯವರಲ್ಲಿ ಕೆಲವರ ಎದೆಯಲ್ಲಿ ಧೂಳು ಕೂತಿದೆ. ಫೋಟೋ ತೆಗೆದರೆ ಗೊತ್ತಾಗುತ್ತದೆ, ಗೊತ್ತಾದರೆ ಕೆಲಸ ಹೋಗುತ್ತದೆ. ಅದಕ್ಕೆ ಅವರ ಬದಲು ಇವನು ಬಂದು ನಿಲ್ಲುತ್ತಾನೆ. ಹೋದ ವರ್ಷ ಬಳ್ಳಾರಿಯ ಸೆಂಟರಿನಲ್ಲಿ, ಈ ವರ್ಷ ಇಲ್ಲಿ; ಎರಡು ವರ್ಷದಲ್ಲಿ ಹನ್ನೊಂದು ಜನ.

"ನನ್ನ ಎದಿ ಚಲೋ ಐತ್ರಿ. ಸುಮ್ನ ಇಟ್ಕೊಂಡು ಏನ್ಮಾಡ್ಲಿ? ಒಂದು ತಾಸು ಎರವಲು ಕೊಟ್ರ ಅವ್ರು ಒಂದು ವರ್ಷ ಉಣ್ತಾರ."

"ಅವ್ರ ಎದಿಯಾಗ ಏನೈತಿ ಅಂತ ಯಾರಿಗೂ ಗೊತ್ತಾಗಂಗಿಲ್ಲಲ್ರಿ ಹಂಗಾದ್ರ."

ಅವನು ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿಕೊಂಡ. ಕಾವ್ಯ ಒಳಗೆ ಹೋಗಿ ಡಾಕ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇದೇ ಕೊನೆ, ಇನ್ನೊಂದು ಸಲ ಈ ಸೊಟ್ಟ ಎಲುಬು ಬೇರೆ ಹೆಸರಿನಲ್ಲಿ ಕಂಡರೆ ಬಿಡುವುದಿಲ್ಲ ಎಂದು ಗದರಿಸಿ ಕಳಿಸಿದಳು. ಅವನು ಹೋದ ಮೇಲೆ ತಾನು ಮಾಡಿದ್ದು ಸರಿಯೇ ಎಂದು ಸಂಜೆವರೆಗೂ ಯೋಚಿಸಿದಳು. ನಡುನಡುವೆ ಆ ನಗುವನ್ನೂ ಯೋಚಿಸಿದಳು.

ಮುಂದಿನ ವಾರ ಅವನು ಜೀಪಿಲ್ಲದೆ ಬಂದ. ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು.

"ಇವತ್ತ ಯಾರ ಹೆಸರಿನಾಗ ಬಂದೀರಿ?"

"ನನ್ನ ಹೆಸರಿನಾಗ. ಕಾಪಿ ಕುಡಿಯಾಕ."

ಹೀಗೆ ಶುರುವಾಯಿತು. ಭಾನುವಾರ ಹಂಪಿಗೆ ಹೋಗಿ ನದಿಯ ದಂಡೆಯ ಬಂಡೆಯ ಮೇಲೆ ಕೂರುವುದು, ಕಮಲಾಪುರದ ಕೆರೆ ಏರಿಯ ಮೇಲೆ ಬಸ್ಸು ಬರುವವರೆಗೂ ನಡೆಯುವುದು, ಬಸ್ಸು ಬಂದರೂ ಕಾಣದವರ ಹಾಗೆ ಇರುವುದು. ಅವನು ತನ್ನ ಕೆಲಸವನ್ನು ವಿವರಿಸುತ್ತಿದ್ದ. ಲಾರಿ ಹತ್ತಿ ಐದು ಕಡೆಯಿಂದ ಒಂದೊಂದು ಹಿಡಿ ಅದಿರು ತೆಗೆದು ಚೀಲಕ್ಕೆ ಹಾಕುವುದು. ಆ ಐದು ಹಿಡಿ ಏನು ಹೇಳುತ್ತದೋ ಇಡೀ ಲೋಡಿಗೆ ಅದೇ ಬೆಲೆ. ಕೆಲವರು ಒಳ್ಳೆಯ ಲೋಡಿನ ಸ್ಯಾಂಪಲ್ಲನ್ನು ಕೆಟ್ಟ ಲೋಡಿನ ಚೀಟಿ ಹಚ್ಚಿ ಕಳಿಸುತ್ತಾರೆ ಎಂದು ಹೇಳಿ ನಗುತ್ತಿದ್ದ.

"ನೀವು ಮಾಡಿದ್ದೂ ಅದೇ ಅಲ್ಲೇನ್ರಿ?" ಎಂದಳು ಕಾವ್ಯ.

"ಅದಿರಿನಾಗ ಮಾಡಿಲ್ರಿ. ಎದಿಯಾಗ ಅಷ್ಟ."

ಅವಳು ಬೇರೆ ಕಡೆ ತಿರುಗಿ ನಕ್ಕಳು. ನಕ್ಕಿದ್ದು ಅವನಿಗೆ ಕಾಣಬಾರದು ಎಂದು ಸೆರಗು ಸರಿಮಾಡಿಕೊಂಡಳು. ಅವನಿಗೆ ಕಂಡಿತು. ಕಂಡಿತು ಎಂದು ಅವಳಿಗೂ ಗೊತ್ತಾಯಿತು. ಆಮೇಲೆ ಇಬ್ಬರೂ ಬಹಳ ಹೊತ್ತು ಕೆರೆಯ ನೀರನ್ನು ಶ್ರದ್ಧೆಯಿಂದ ನೋಡಿದರು.

ಆಗಸ್ಟಿನಲ್ಲಿ ಸೆಂಟರಿಗೆ ಸಿಟಿ ಸ್ಕ್ಯಾನ್ ಯಂತ್ರ ಬಂತು. ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಬೆಂಗಳೂರಿನ ಎಂಜಿನಿಯರು ಮೂರು ದಿನ ಅದರ ಹೊಟ್ಟೆಯೊಳಗೆ ಕೈಹಾಕಿ ಕೂತಿದ್ದು, ನಾಲ್ಕನೆಯ ದಿನ, ಒಬ್ಬ ಆರೋಗ್ಯವಂತ ಮನುಷ್ಯ ಬೇಕು, ಎದೆ ಹೇಗೆ ಮೂಡುತ್ತದೆ ನೋಡೋಣ ಎಂದರು. ಕಾವ್ಯ ಮೊಬೈಲ್ ಎತ್ತಿಕೊಂಡಳು.

"ನಿಮ್ಮ ಎದಿ ಎರವಲು ಬೇಕಾಗೈತಿ. ಈ ಸಲ ನಿಮ್ಮ ಹೆಸರಿನಾಗ."

ಅವನು ತಲೆ ಬಾಚಿಕೊಂಡು ಬಂದು ಮಲಗಿದ. ಗಾಜಿನ ಈಚೆಗೆ ಕೂತು ಅವಳು ಮೈಕಿನಲ್ಲಿ ಉಸಿರು ಹಿಡಿಯಿರಿ ಎಂದಳು. ಎಷ್ಟು ಹೊತ್ತು ಎಂದು ಒಳಗಿನಿಂದ ಕೇಳಿದ. ನಾನು ಬಿಡಿ ಅನ್ನುವವರೆಗೆ ಎಂದಳು. "ನೀವು ಬಿಡು ಅನ್ನಲಿಲ್ಲಂದ್ರ?" ಎಂದ. ಪಕ್ಕದಲ್ಲಿದ್ದ ಎಂಜಿನಿಯರು ಕೆಮ್ಮಿದಂತೆ ಮಾಡಿ ನಕ್ಕರು. ಕಾವ್ಯಳ ಕಿವಿ ಬಿಸಿಯಾಯಿತು.

ಪರದೆಯ ಮೇಲೆ ಅವನ ಎದೆ ಸೌತೆಕಾಯಿ ಹೋಳಿನಂತೆ ಒಂದೊಂದೇ ಪದರವಾಗಿ ಸರಿಯತೊಡಗಿತು. ಇಷ್ಟು ದಿನ ಹೊರಗಿನಿಂದ ನೋಡಿದ ಮನುಷ್ಯನನ್ನು ಹೀಗೆ ಒಳಗಿನಿಂದ ನೋಡಲು ಅವಳಿಗೆ ನಾಚಿಕೆಯಾಯಿತು. ಬಲಗಡೆ ಮೇಲ್ಭಾಗಕ್ಕೆ ಬಂದಾಗ ನಾಚಿಕೆ ಹೋಯಿತು. ಅಲ್ಲೊಂದು ಮಸುಕು ಇತ್ತು, ಗೋಲಿಯಷ್ಟು. ಅದರ ನಡುವೆ ಜೋಳದ ಕಾಳಿನಂಥ ಒಂದು ಬಿಳಿ ಚುಕ್ಕೆ.

ಯಂತ್ರದ್ದೇ ಏನೋ ತಪ್ಪಿರಬೇಕು ಎಂದುಕೊಂಡಳು. ಹಾಗೇ ಇರಲಿ ಎಂದು ಬೇಡಿಕೊಂಡಳು. ಎಂಜಿನಿಯರು ಯಂತ್ರ ಸರಿಯಾಗಿದೆ ಎಂದು ಸಹಿ ಮಾಡಿಸಿಕೊಂಡು ಹೋದರು.

ಫಿಲ್ಮು ಓದುವ ಡಾಕ್ಟರ್ ಗೋಪೀನಾಥ ಹೊಸಪೇಟೆಯ ಹಳೆಯ ಮನೆತನದವರು. ಅರವತ್ತು ದಾಟಿದವರು, ಸುಳ್ಳು ಧೈರ್ಯ ಹೇಳುವ ಅಭ್ಯಾಸ ಇಲ್ಲದವರು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಕನ್ನಡಿ ಮ್ಯಾಲೆ ಉಸಿರು ಊದಿದ್ರ ಮಂಜು ಕೂಡ್ತದಲ್ಲ, ಹಾಂಗದ ಇದು. ಸೋಂಕಿದ್ರೂ ಹಿಂಗ ಕಾಣ್ತದ. ಹಾಂಗಿದ್ರ ಮೂರು ತಿಂಗಳದಾಗ ತಾನೇ ಕರಗ್ತದ."

"ಕರಗಲಿಲ್ಲಂದ್ರ ಏನ್ರಿ?" ಕಾವ್ಯಳೇ ಕೇಳಿದಳು.

"ಕರಗಲಿಲ್ಲಂದ್ರ ಕ್ಯಾನ್ಸರ್ ಅಂತ ತಿಳೀಬೇಕು. ಆದರ ಅಂಜಬ್ಯಾಡ್ರಿ, ಪೂರ್ತಿ ಕೇಳ್ರಿ. ಈ ಮಂಜಿನಂಥಾದ್ದು ಇದ್ದಲ್ಲೇ ಮಲಗಿರ್ತದ. ನಡುವಿನ ಗಟ್ಟಿ ಕಾಳನ್ನ ನೋಡಬೇಕು. ಅದು ಬೆಳೀತು ಅಂದ್ರ ಬೇಲಿ ದಾಟಿ ನುಗ್ಗಲಿಕ್ಕೆ ಹತ್ತೇದ ಅಂತ. ಈಗ ನಾಕು ಮಿಲಿಮೀಟರ್. ಈ ಅಳತ್ಯಾಗ ಹಿಡಿದ್ರ ಶ್ವಾಸಕೋಶದ ಒಂದು ಭಾಗ ತೆಗೆದ್ರ ಮುಗೀತು, ಮುದುಕ ಆಗೋಮಟ ಬದುಕಬಹುದು. ಮೂರು ತಿಂಗಳು ಬಿಟ್ಟು ಬರ್ರಿ. ಎರಡೂ ಫಿಲ್ಮು ಬಾಜೂಕ ಇಟ್ಟು ನೋಡೋಣ. ತಪ್ಪಿಸಬಾರದು ಅಷ್ಟೇ."

ಹೊರಗೆ ಬಂದಾಗ ಹಾಲೇಶ್ ನಗಲು ನೋಡಿದ. "ಹನ್ನೊಂದು ಮಂದಿನ್ನ ಪಾಸ್ ಮಾಡಿದ ಎದಿ. ನನಗಾ ಫೇಲ್ ಆಗ್ತೈತೇನು?" ಕಾವ್ಯ ನಗಲಿಲ್ಲ. ಅವನ ತೋಳು ಹಿಡಿದುಕೊಂಡಳು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಆದರೂ ಬಿಡಲಿಲ್ಲ.

ಅಷ್ಟರಲ್ಲಾಗಲೇ ಕಂಪ್ಲಿಯಲ್ಲಿ ಮದುವೆಯ ಮಾತುಕತೆ ನಡೆದಿತ್ತು. ಕಾವ್ಯಳ ಅಪ್ಪ ಕೊಟ್ರಯ್ಯನವರಿಗೆ ಅಲ್ಲಿ ಅಕ್ಕಿ ಅಂಗಡಿ. ಹುಡುಗನ ಮಾತು, ನಡತೆ ಅವರಿಗೆ ಹಿಡಿಸಿತ್ತು. ಮುಚ್ಚಿಟ್ಟು ಮಾಡುವ ಕೆಲಸ ಬೇಡವೆಂದು ಕಾವ್ಯ ಸ್ಕ್ಯಾನಿನ ಸುದ್ದಿಯನ್ನೂ ಹೇಳಿದಳು. ಕೊಟ್ರಯ್ಯ ಹಾಲೇಶನ ಕಡೆ ತಿರುಗಿದರು.

"ತಪ್ಪು ತಿಳೀಬ್ಯಾಡಪ್ಪ. ಇರಾಕಿ ಒಬ್ಬಾಕಿ ಮಗಳು. ಮೂರು ತಿಂಗಳು ತಡಿಯೋಣ. ಫೋಟೋ ಚಲೋ ಬಂತು ಅಂದ್ರ ಮರುದಿನಾನ ನಿಶ್ಚಿತಾರ್ಥ."

ಹಾಲೇಶ್ ತಲೆಯಾಡಿಸಿದ. ಅಪ್ಪ ಕೇಳಿದ್ದರಲ್ಲಿ ಕಾವ್ಯಳಿಗೆ ತಪ್ಪೇನೂ ಕಾಣಲಿಲ್ಲ. ಫೋಟೋ ಹೇಗೆ ಬಂದರೂ ತಾನು ಅವನವಳೇ ಎಂಬುದು ಅವಳಿಗೆ ಎಷ್ಟು ಗಟ್ಟಿಯಾಗಿ ಗೊತ್ತಿತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳಬೇಕು ಎಂದೇ ಹೊಳೆಯಲಿಲ್ಲ. ಬಸ್ ನಿಲ್ದಾಣದವರೆಗೆ ಅವನ ಜೊತೆ ನಡೆದಳು. ಜ್ವರ ಬಂದರೆ ಹೇಳಿ, ಧೂಳಿನಲ್ಲಿ ಟವೆಲ್ ಕಟ್ಟಿಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಎಂದೆಲ್ಲ ಹೇಳಿದಳು. ಹೇಳಬೇಕಾದ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಹೇಳಿದಳು.

ನವೆಂಬರಿನ ಒಂದು ಶುಕ್ರವಾರ ಎರಡನೆಯ ಸ್ಕ್ಯಾನು ಎಂದು ಗೊತ್ತಾಗಿತ್ತು. ತಾನೇ ಮಾಡಬೇಕೆಂದು ಅವಳ ಆಸೆ. ಆದರೆ ಆ ಬುಧವಾರ ಅಜ್ಜಿ ಮುದುಕಮ್ಮ ಅಂಗಳದಲ್ಲಿ ಜಾರಿ ಬಿದ್ದರೆಂದು ಕಂಪ್ಲಿಗೆ ಹೋಗಬೇಕಾಯಿತು. ಗುರುವಾರ ಮಧ್ಯಾಹ್ನ ಹಾಲೇಶನ ಫೋನು ಬಂತು. ಯಾರ್ಡಿನಲ್ಲಿ ರಜೆ ಸಿಕ್ಕಿತ್ತು, ಇವತ್ತೇ ಮಾಡಿಸಿಕೊಂಡುಬಿಟ್ಟೆ, ಹೊಸದಾಗಿ ಸೇರಿದ ಭಾರ್ಗವ್ ಮಾಡಿದ, ಡಾಕ್ಟರೂ ಫಿಲ್ಮು ನೋಡಿದರು ಎಂದ.

"ಏನಂದ್ರು?"

"ಕರಗೇತಂತ."

ಅವಳು ಅಜ್ಜಿಯ ಮಂಚದ ಮೇಲೆ ಕುಸಿದು ಕೂತು ಅತ್ತಳು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮುದುಕಮ್ಮ ತನಗೇ ಅಳುತ್ತಿದ್ದಾಳೆಂದು ತಿಳಿದು ಸಮಾಧಾನ ಮಾಡಿದರು. ಸೋಮವಾರ ಸೆಂಟರಿಗೆ ಹೋದ ಕೂಡಲೇ ರಿಪೋರ್ಟು ತೆಗೆದು ಓದಿದಳು. ಮಸುಕು ಪೂರ್ತಿ ಹೋಗಿದೆ, ಸೋಂಕಿರಬೇಕು, ಇನ್ನು ಭಯವಿಲ್ಲ ಎಂದು ಡಾಕ್ಟರ್ ಗೋಪೀನಾಥರು ಬರೆದಿದ್ದರು. ಅದನ್ನು ಮೂರು ಸಲ ಓದಿದಳು. ಕವರಿನಲ್ಲಿದ್ದ ಫಿಲ್ಮನ್ನು ಹೊರಗೆ ತೆಗೆಯಲಿಲ್ಲ. ಸಂತೋಷ ಮನುಷ್ಯರನ್ನು ಎಷ್ಟು ಸೋಮಾರಿ ಮಾಡುತ್ತದೆ ಎಂದು ಆಮೇಲೆ ಅವಳು ತನ್ನನ್ನೇ ಎಷ್ಟು ಬೈದುಕೊಂಡರೂ ಪ್ರಯೋಜನವಿರಲಿಲ್ಲ.

ಜನವರಿಯಲ್ಲಿ ನಿಶ್ಚಿತಾರ್ಥವಾಯಿತು. ಮದುವೆ ಚೈತ್ರದಲ್ಲಿ ಎಂದಾಯಿತು. ಫೆಬ್ರುವರಿಯಲ್ಲಿ ಮುದುಕಮ್ಮ ತೀರಿಕೊಂಡರು. ಮನೆಯ ಹಿರಿಯ ಜೀವ ಹೋದ ವರ್ಷ ಶುಭಕಾರ್ಯ ಬೇಡ ಎಂದು ಕೊಟ್ರಯ್ಯ ಮದುವೆಯನ್ನು ಮುಂದಿನ ವರ್ಷಕ್ಕೆ ಹಾಕಿದರು. ಆ ಮಾತು ಕೇಳಿದಾಗ ಹಾಲೇಶನ ಮುಖ ಇಳಿದುಹೋಯಿತು. ಕಾವ್ಯಳಿಗೆ ಅದು ಮುದ್ದಾಗಿ ಕಂಡಿತು.

"ಅಷ್ಟು ಅವಸರ ಏನ್ರಿ?"

"ಭಾಳ ಅವಸರ ಐತಿ," ಎಂದ. ಅವನು ನಗಲಿಲ್ಲ. ಅವಳೇ ನಕ್ಕಳು.

ಒಂದು ವರ್ಷ ಹಾಗೆ ಕಳೆಯಿತು. ಅದು ಅವರ ಬದುಕಿನ ಒಳ್ಳೆಯ ವರ್ಷ. ವಾರಕ್ಕೊಮ್ಮೆ ಸಂಡೂರಿನ ಬಸ್ಸು ಇಳಿದು ಬರುವ ಬಿಳಿ ಅಂಗಿ, ಅವಳು ಕಟ್ಟಿಕೊಂಡು ಹೋದ ರೊಟ್ಟಿ, ಬಂಡೆಯ ನೆರಳು ಸರಿದಂತೆ ಇಬ್ಬರೂ ಸರಿದು ಕೂರುವುದು. ಮಾತಿನ ನಡುವೆ ಅವನು ಒಮ್ಮೊಮ್ಮೆ ಅವಳನ್ನು ಸುಮ್ಮನೆ ನೋಡುತ್ತಿದ್ದ. ಏನ್ರಿ ಹಂಗ ನೋಡ್ತೀರಿ ಎಂದರೆ, ನೋಡಾಕ ರೊಕ್ಕ ಕೊಡಬೇಕೇನು ಎನ್ನುತ್ತಿದ್ದ. ಚಳಿಗಾಲದಲ್ಲಿ ಅವನಿಗೆ ಕೆಮ್ಮು ಹತ್ತಿತು. ಆ ಸೀಮೆಯಲ್ಲಿ ಕೆಮ್ಮದವರು ಯಾರಿದ್ದರು?

2009ರ ಫೆಬ್ರುವರಿಯಲ್ಲಿ ಡಾಕ್ಟರ್ ಗೋಪೀನಾಥರು ಬಳ್ಳಾರಿಯಲ್ಲಿ ಡಾಕ್ಟರುಗಳ ಸಭೆಯೊಂದಕ್ಕೆ ಹೊರಟಿದ್ದರು. ಇಂಥ ಮಸುಕು ಕಂಡಾಗ ಅವಸರಪಟ್ಟು ಕತ್ತರಿ ಹಾಕಬಾರದು, ಕಾದು ನೋಡಬೇಕು ಎಂದು ಹೇಳಲು ಅವರಿಗೆ ಉದಾಹರಣೆ ಬೇಕಿತ್ತು.

"ನಿಮ್ಮ ಹಾಲೇಶಪ್ಪನ ಎರಡೂ ಫಿಲ್ಮು ತೆಗೆದಿಡವ್ವ. ಕಾಳು ಇದ್ದದ್ದು ಒಂದು, ಹೋದದ್ದು ಒಂದು."

ಕಾವ್ಯ ಖುಷಿಯಿಂದಲೇ ತೆಗೆದಳು. ಎರಡನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಪಕ್ಕಪಕ್ಕದಲ್ಲಿ ಹಚ್ಚಿದಳು. ಮೊದಲನೆಯದರಲ್ಲಿ ಮಸುಕು ಇತ್ತು. ಎರಡನೆಯದರಲ್ಲಿ ಇರಲಿಲ್ಲ. ಅವಳ ಕಣ್ಣು ಅಭ್ಯಾಸಬಲದಿಂದ ಮೇಲಿನ ಪದರಗಳಿಗೆ ಹೋಯಿತು. ಮೊದಲನೆಯದರ ಎಡ ಕೊರಳೆಲುಬು ಸೊಟ್ಟಗಿತ್ತು. ಎರಡನೆಯದರ ಎಡ ಕೊರಳೆಲುಬು ನೆಟ್ಟಗಿತ್ತು.

ದೀಪ ಆರಿಸಿ ಮತ್ತೆ ಹಚ್ಚಿದಳು. ಎಲುಬು ನೆಟ್ಟಗೇ ಇತ್ತು. ಅವಳು ಯಾರಿಗೂ ಏನೂ ಹೇಳದೆ ಚಪ್ಪಲಿ ಮೆಟ್ಟಿ ಸಂಡೂರಿನ ಬಸ್ಸು ಹತ್ತಿದಳು.

ಯಾರ್ಡು ಸದ್ದಿಲ್ಲದೆ ಬಿದ್ದಿತ್ತು. ಆ ಚಳಿಗಾಲಕ್ಕೆ ಅದಿರಿನ ಬೆಲೆ ಬಿದ್ದು, ಲಾರಿಗಳು ಸಾಲಾಗಿ ನಿಂತಿದ್ದವು. ಹಾಲೇಶ್ ಒಂದು ರಾಶಿಯ ನೆರಳಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದ. ಅವಳ ಮುಖ ನೋಡಿ ನಿಂತಲ್ಲೇ ನಿಂತ.

"ಅವತ್ತ ಮಷೀನಿನಾಗ ಯಾರು ಮಲಗಿದ್ರು?"

ಅವನು ನೆಲ ನೋಡಿದ. "ತಿಪ್ಪೇಶ."

ತಿಪ್ಪೇಶ್ ಅವನ ಬಾಲ್ಯದ ಗೆಳೆಯ, ಕಮಲಾಪುರದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಗಣಿಯ ಗಾಳಿ ಸೋಕದ ಎದೆ.

"ಯಾಕ?"

"ನಿಮ್ಮಪ್ಪ, ಫೋಟೋ ಚಲೋ ಬಂದ್ರ ಅಂದ್ರು. ನಂದು ಚಲೋ ಬರ್ತೈತೋ ಇಲ್ಲೋ ನನಗ ಗೊತ್ತಿರಲಿಲ್ಲ. ತಿಪ್ಪೇಶಂದು ಬರ್ತೈತಿ ಅಂತ ಗೊತ್ತಿತ್ತು. ನೀವು ಊರಾಗಿಲ್ಲದಾಗ ಅವನ್ನ ನನ್ನ ಹೆಸರಿನಾಗ ಮಲಗಿಸಿದೆ. ಚೈತ್ರದಾಗ ಮದಿವಿ ಆದ ಕೂಡ್ಲೇ ನಂದು ತೆಗಿಸ್ಕೋಬೇಕು ಅಂದ್ಕೊಂಡಿದ್ದೆ. ಅಜ್ಜಿ ಹೋದ್ರು. ಒಂದು ವರ್ಷ ಮುಂದ ಹೋತು. ಆಮ್ಯಾಲೆ ಹೆಂಗ ಹೇಳಬೇಕು ಅಂತ ತಿಳೀಲಿಲ್ಲ."

"ಜೀವ ಅಂದ್ರ ಅದಿರಿನ ಚೀಲ ಅಂದ್ಕೊಂಡಿಯೇನು ನೀ? ಚೀಟಿ ಬದಲಿ ಮಾಡಿದ್ರ ಮುಗೀತೇನು?"

ಎರಡು ವರ್ಷದಲ್ಲಿ ಅವಳು ಅವನನ್ನು ಮೊದಲ ಸಲ ಏಕವಚನದಲ್ಲಿ ಮಾತಾಡಿಸಿದ್ದು ಹೀಗೆ. ಅವನ ಅಂಗಿ ಹಿಡಿದು ಎಳೆದಳು, ಎದೆಗೆ ಗುದ್ದಿದಳು, ಗುದ್ದಿದ ಜಾಗ ಬಲಗಡೆಯದೆಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ತಾನೇ ಮೊದಲ ದಿನ ಬೇವಿನ ಮರದ ಕೆಳಗೆ ಸುಮ್ಮನಾಗಿದ್ದವಳು. ಎದೆಯನ್ನು ಎರವಲು ಕೊಟ್ಟು ಪಡೆದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಅವನಿಗೆ ಕಲಿಸಿದವರಲ್ಲಿ ತಾನೂ ಒಬ್ಬಳು.

ಮರುದಿನ ಅವಳೇ ಅವನನ್ನು ಮಲಗಿಸಿದಳು. ಆ ದಿನ ಇಬ್ಬರೂ ತಮಾಷೆ ಮಾಡಲಿಲ್ಲ. ಕಾಳು ಈಗ ಜೋಳದಷ್ಟೇ ಇರಲಿಲ್ಲ. ಮಸುಕನ್ನೆಲ್ಲ ನುಂಗಿ ಗಟ್ಟಿಯಾಗಿ, ಎದೆಯ ಒಳಗೋಡೆಯನ್ನು ತನ್ನತ್ತ ಎಳೆದುಕೊಂಡು ಕೂತಿತ್ತು. ಒಳಗೋಡೆಯುದ್ದಕ್ಕೂ ಸಣ್ಣ ಸಣ್ಣ ಗಂಟು. ನಡುವಿನ ಗ್ರಂಥಿಗಳು ಊದಿದ್ದವು. ಡಾಕ್ಟರ್ ಗೋಪೀನಾಥರು ಹಳೆಯ ಫಿಲ್ಮನ್ನು ಪಕ್ಕಕ್ಕಿಟ್ಟು ಅಳೆದರು. ಅಳೆದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲುಬು ನಾ ನೋಡಲಿಲ್ಲವ್ವ. ಮಸುಕು ಹೋತೋ ಇಲ್ಲೋ ಅಷ್ಟೇ ನೋಡಿದೆ," ಎಂದರು. ಆಮೇಲೆ, "ಕೊಯ್ದು ತೆಗೆಯೋ ಹಂತ ದಾಟೇದ," ಎಂದರು.

ಬೆಂಗಳೂರಿನವರೂ ಅದನ್ನೇ ಹೇಳಿದರು. ಕೀಮೋ ಕೊಡುತ್ತೇವೆ, ಕೆಲವು ತಿಂಗಳು ಹೆಚ್ಚಾಗಿ ಸಿಗಬಹುದು ಎಂದರು. ಎರಡು ಸಲ ಕೊಟ್ಟರು. ಕೂದಲು ಹೋಯಿತು, ಊಟ ಹೋಯಿತು. ಮೂರನೆಯ ಸಲಕ್ಕೆ ಅವನೇ ಬೇಡವೆಂದು ಬಂಡ್ರಿಗೆ, ತಾಯಿ ಉಚ್ಚೆಂಗಮ್ಮನ ಬಳಿಗೆ ಬಂದುಬಿಟ್ಟ.

ಮದುವೆಗೆ ಗೊತ್ತಾಗಿದ್ದ ಚೈತ್ರ ಬಂತು, ಹೋಯಿತು. ಕಾವ್ಯ ಮೂರು ಸಲ ಕೇಳಿದಳು. ಮೂರು ಸಲವೂ ಅವನು ಬೇಡವೆಂದ. ನಿನ್ನನ್ನು ವಿಧವೆ ಮಾಡುವುದಕ್ಕೆ ತಾಳಿ ಕಟ್ಟಲೇನು ಎಂದ. ಕೊನೆಯ ಸಲ ಮುಖ ಗೋಡೆಗೆ ತಿರುಗಿಸಿ ಮಲಗಿದ. ಕೊಟ್ರಯ್ಯ ಒಮ್ಮೆ ಬಂದು ಅವನ ಮಂಚದ ಬಳಿ ಕೂತು, ಹೊದಿಕೆ ಸರಿಮಾಡಿ ಎದ್ದು ಹೋದರು. ಬಸ್ಸಿನಲ್ಲಿ ಮಗಳಿಗೆ, "ನಾ ಆ ಮಾತು ಆಡಬಾರದಿತ್ತವ್ವ. ಈಗ ನಿನ್ನ ಇಚ್ಛಾ. ಏನು ಮಾಡಿದ್ರೂ ನಾ ಬರ್ತೀನಿ," ಎಂದರು. ತಿಪ್ಪೇಶ್ ವಾರಕ್ಕೆರಡು ಸಲ ಬಂದು ಒಳಗೆ ಬರುವ ಧೈರ್ಯವಾಗದೆ ಕಟ್ಟೆಯ ಮೇಲೆ ಕೂತಿರುತ್ತಿದ್ದ.

ಮೇ ತಿಂಗಳ ಒಂದು ಬುಧವಾರ ಮಧ್ಯಾಹ್ನ ಕಾವ್ಯ ಬಂಡ್ರಿಯಲ್ಲಿ ಬಸ್ಸಿಳಿದಳು. ಬಾಗಿಲಲ್ಲೇ ಉಚ್ಚೆಂಗಮ್ಮ ಅವಳ ಕೈ ಹಿಡಿದುಕೊಂಡರು.

"ಎರಡು ದಿನದಿಂದ ಒಂದಾ ಮಾತು ಕೇಳಾಕತ್ಯಾನ. ಅವತ್ತ ತಾನಾ ಮಲಗಿದ್ರ ಉಳೀತಿದ್ನೇನು ಅಂತ. ನಿನ್ನನ್ನೂ ಕೇಳ್ತಾನ. ಇಲ್ಲ ಅನ್ನವ್ವ. ಅಷ್ಟು ಪುಣ್ಯ ಕಟ್ಕೋ."

ಕಾವ್ಯ ತಲೆಯಾಡಿಸಿದಳು. ಇಲ್ಲ ಎಂಬ ಆ ಒಂದು ಮಾತನ್ನು ಅವಳು ಮೂರು ತಿಂಗಳಿಂದ ಸಿದ್ಧಮಾಡಿಕೊಂಡಿದ್ದಳು. ಅವತ್ತೇ ತಡವಾಗಿತ್ತು, ಯಾರಿಂದಲೂ ಏನೂ ಆಗುತ್ತಿರಲಿಲ್ಲ ಎಂದು ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದಳು. ಸುಳ್ಳೆಂದು ಅನಿಸದಷ್ಟು ಚೆನ್ನಾಗಿ ಹೇಳಲು ಬರುತ್ತಿತ್ತು.

ಅವನು ಗೋಡೆಗೆ ದಿಂಬು ಕೊಟ್ಟು ಒರಗಿ ಕೂತಿದ್ದ. ಮಲಗಿದರೆ ಉಸಿರು ಸಾಲುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕೂತು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಒಂದು ಕೇಳ್ತೀನಿ. ಖರೇ ಹೇಳಬೇಕು."

"ಕೇಳು."

"ಆ ನವೆಂಬರಿನಾಗ ನಾನಾ ಮಲಗಿದ್ರ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಕಾವ್ಯ ಅವನ ಕಣ್ಣು ನೋಡಿದಳು. ಇಷ್ಟೆಲ್ಲ ಆಗಿದ್ದು ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ. ಇನ್ನೊಮ್ಮೆ ಅದನ್ನೇ ಮಾಡಲು ಅವಳಿಗೆ ಬಾಯಿ ಬರಲಿಲ್ಲ.

"ಉಳೀತಿದ್ದಿ," ಎಂದಳು.

ಅವನ ಎದೆ ಏರಿಳಿಯುವುದನ್ನು ಅವಳು ನೋಡುತ್ತ ಕೂತಳು. ಅಡುಗೆಮನೆಯಿಂದ ಉಚ್ಚೆಂಗಮ್ಮ ಬಿಕ್ಕಿದ್ದು ಕೇಳಿಸಿತು.

"ಎಲ್ಲಾರೂ ಇಲ್ಲ ಅಂದ್ರು," ಎಂದ ಕೊನೆಗೆ. "ನೀ ಒಬ್ಬಾಕಿ ಖರೇ ಹೇಳಿದಿ. ಇನ್ನೊಂದು ಕೇಳ್ತೀನಿ. ಫೋಟೋ ಕೆಟ್ಟು ಬಂದಿದ್ರ ನೀ ಏನ್ಮಾಡ್ತಿದ್ದಿ?"

"ನಿನ್ನ ಕೂಡ ಬೆಂಗಳೂರಿಗೆ ಬರ್ತಿದ್ದೆ. ಆಪರೇಷನ್ ಆಗೋಮಟ ಹೊರಗ ಕುಂದರ್ತಿದ್ದೆ. ಆಮ್ಯಾಲೆ ಕಂಪ್ಲಿಗೆ ಹೋಗಿ, ನಿಶ್ಚಿತಾರ್ಥ ಯಾವತ್ತಪ್ಪ ಅಂತ ಕೇಳ್ತಿದ್ದೆ."

"ಅವರು ಒಲ್ಲೆ ಅಂದಿದ್ರ?"

"ಬಂಡ್ರಿ ಬಸ್ಸು ಹತ್ತಿ ಬರ್ತಿದ್ದೆ. ದಿನಕ್ಕ ಎಷ್ಟು ಬಸ್ಸು ಅದಾವು."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವನು ಅಳುತ್ತಿದ್ದ. ಬೆಂಗಳೂರಿನ ಆಸ್ಪತ್ರೆಯಲ್ಲೂ ಅಳದವನು, ಅವಳ ಹೆಗಲಿಗೆ ಬೋಳು ತಲೆ ಆನಿಸಿ ಅತ್ತ.

"ಇದನ್ನ ಅವತ್ತ ಯಾಕ ಹೇಳಲಿಲ್ಲ ಕಾವ್ಯ?"

"ನಿನಗ ಗೊತ್ತೈತಿ ಅಂದ್ಕೊಂಡಿದ್ದೆ."

ಯಾರ ತಪ್ಪು ಎಷ್ಟು ಎಂದು ಲೆಕ್ಕ ಹಾಕುವ ಶಕ್ತಿ ಇಬ್ಬರಲ್ಲೂ ಉಳಿದಿರಲಿಲ್ಲ. ಅವಳ ಸೆರಗಿನಿಂದ ಅವನು ಮುಖ ಒರೆಸಿಕೊಂಡ. ಅವಳು ಅವನ ಅಂಗಿಯ ಗುಂಡಿ ಸರಿಯಾಗಿ ಹಾಕಿದಳು.

"ನೀ ಒಂದು ಸಲ ನನ್ನ ಕೇಳದಾ ತೀರ್ಮಾನ ಮಾಡಿದಿ," ಎಂದಳು. "ಈ ಸಲ ನಾ ಬಿಡಂಗಿಲ್ಲ. ಇದು ನನ್ನ ತೀರ್ಮಾನ. ಬರೋ ಸೋಮವಾರ, ಇದಾ ಮನ್ಯಾಗ ಮದಿವಿ. ಮಂತ್ರ ಹೇಳಾಕ ಅಯ್ನೋರು, ಅಪ್ಪ, ನಿಮ್ಮವ್ವ, ತಿಪ್ಪೇಶ. ಅಷ್ಟಾ ಮಂದಿ ಸಾಕು."

ಈ ಸಲ ಅವನು ಗೋಡೆಯ ಕಡೆ ತಿರುಗಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

"ಸೋಮವಾರಕ್ಕ ಇನ್ನೂ ಐದು ದಿನ ಐತಿ," ಎಂದ. "ನಾಳೆ ಆಗಂಗಿಲ್ಲೇನು?"

ಕಾವ್ಯ ಎದ್ದು ಕಟ್ಟೆಗೆ ಹೋಗಿ, ನಾಳೆಗೇ ಬರಬೇಕೆಂದು ಅಯ್ನೋರಿಗೆ ಹೇಳಿಬರಲು ಅಲ್ಲಿ ಕೂತಿದ್ದ ತಿಪ್ಪೇಶನನ್ನು ಕಳಿಸಿದಳು.